ಸರಪಳಿ ಹಿಡಿದವನ ಮುಖ

ಬ್ರಾಡ್‌ಪೋರ್ಟಿನಲ್ಲಿ ಹದಿನಾರು ತುಂಬಿದ ಮಕ್ಕಳನ್ನು ಹೆದರಿಸಲು ದೆವ್ವ ಪಿಶಾಚಿಗಳ ಅಗತ್ಯವಿಲ್ಲ, ವೆಂಡೆಲ್ ಹ್ರುಸ್ಕಾ ಎಂದರೆ ಸಾಕು. ಊರಿನ ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಪರೀಕ್ಷೆ ಮಾಡುವವನು ಅವನು. ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕೂತನೆಂದರೆ ಮುಗಿಯಿತು. ನೀವು ಕಾರನ್ನು ಬೆಣ್ಣೆಯಂತೆ ಓಡಿಸಿ ಅಥವಾ ಸೀದಾ ಅಂಚೆ ಡಬ್ಬಿಗೆ ಗುದ್ದಿ, ಅವನ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಪಾಸೋ ಫೇಲೋ ಎಂದು ಅವನ ಮುಖ ನೋಡಿ ಊಹಿಸಿದವರು ಇದುವರೆಗೆ ಯಾರೂ ಇಲ್ಲ. ಪಾಪ, ಕೆಲವು ಮಕ್ಕಳು ಪಾಸಾದ ಮೇಲೂ ಅಳುತ್ತ ಮನೆಗೆ ಹೋದದ್ದುಂಟು.

ಈ ಮುಖವೇ ಅವನಿಗೆ ಇನ್ನೊಂದು ಕೆಲಸವನ್ನು ಕೊಡಿಸಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಗಸ್ ಪಾಪಡಾಕಿಸ್ ಎಂಬ ಗ್ರೀಕ್ ಮನುಷ್ಯ ತನ್ನ ಮಗಳನ್ನು ಪರೀಕ್ಷೆಗೆ ಕರೆತಂದಿದ್ದ. ವೆಂಡೆಲ್ ಆ ಹುಡುಗಿಯನ್ನು ಫೇಲ್ ಮಾಡಿದ. ಹುಡುಗಿ ಗೋಳೋ ಎಂದಳು, ಅವಳ ತಾಯಿ ಶಪಿಸಿದಳು. ಗಸ್ ಮಾತ್ರ ವೆಂಡೆಲ್‌ನ ಮುಖವನ್ನೇ ನೋಡುತ್ತ ನಿಂತ.

"ನಿನಗೆ ಸಿಟ್ಟು ಬರಲ್ವಾ?" ಎಂದ ಗಸ್.

"ಬರುತ್ತೆ."

"ಈಗ ಬಂದಿದ್ಯಾ?"

"ಸ್ವಲ್ಪ."

"ಭಾನುವಾರ ಏನ್ ಮಾಡ್ತೀಯ?" ಎಂದ ಗಸ್. "ನನ್ನ ಸರಪಳಿಗೆ ನೀನು ಬೇಕು ಕಣಯ್ಯಾ."

ಗಸ್‌ನದು ಗಾಜು ಕೂರಿಸುವ ಅಂಗಡಿ. ಆದರೆ ಊರಿನಲ್ಲಿ ಅವನಿಗೆ ಮರ್ಯಾದೆ ಇದ್ದದ್ದು ಗಾಜಿನಿಂದಲ್ಲ. ನಮ್ಮ ತಂಡ ಬ್ರಾಡ್‌ಪೋರ್ಟ್ ಮ್ಯೂಲ್ಸ್ ಊರಿನಲ್ಲಿ ಅಮೆರಿಕದ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಆಡುವಾಗಲೆಲ್ಲ ಮೈದಾನದ ಅಂಚಿನಲ್ಲಿ ಸರಪಳಿ ಹಿಡಿಯುವವರ ಮುಖಂಡ ಅವನು. ನಾಲ್ಕು ಸಲ ಚೆಂಡು ಹಿಡಿದು ನುಗ್ಗುವುದರೊಳಗೆ ಹತ್ತು ಗಜ ದಾಟಬೇಕು, ದಾಟದಿದ್ದರೆ ಚೆಂಡು ಎದುರಾಳಿಗೆ. ಆ ಹತ್ತು ಗಜವನ್ನು ಅಳೆಯುವುದು ಎರಡು ಕೋಲುಗಳ ನಡುವಿನ ಒಂದು ಸರಪಳಿ. ಕೋಟಿಗಟ್ಟಲೆ ಸಂಬಳದ ಆಟಗಾರರು, ಹತ್ತಾರು ಕ್ಯಾಮೆರಾ, ಎಲ್ಲ ಇದ್ದರೂ ಕೋಲು ಹಿಡಿಯುವವರು ಮಾತ್ರ ಊರಿನವರೇ. ಒಬ್ಬ ಶಾಲೆಯ ಮೇಷ್ಟ್ರು, ಒಬ್ಬ ನಲ್ಲಿ ರಿಪೇರಿಯವನು, ಒಬ್ಬ ಗಾಜಿನವನು. ಅವರಿಗಿರುವ ಕಟ್ಟಪ್ಪಣೆ ಒಂದೇ: ಅವರು ರೆಫರಿಗಳ ಕಡೆಯವರು, ಊರಿನ ಕಡೆಯವರಲ್ಲ. ಕೂಗುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಹಲ್ಲು ಬಿಡುವಂತಿಲ್ಲ. ಮೇಲೆ ಕೂತು ಇವರನ್ನೇ ಗಮನಿಸುವ ಲೀಗಿನ ಅಧಿಕಾರಿಯೊಬ್ಬ ಇರುತ್ತಾನೆ. ಬಾಯಿ ತೆರೆದರೆ ಮರುದಿನ ಫೋನು ಬರುತ್ತದೆ, ಕೋಲು ಇನ್ನೊಬ್ಬರ ಕೈಗೆ ಹೋಗುತ್ತದೆ.

ವೆಂಡೆಲ್ ಹುಟ್ಟಿ ಬೆಳೆದದ್ದು ಸ್ಟೇಡಿಯಂನಿಂದ ನಾಲ್ಕು ಬೀದಿ ಆಚೆ. ಅವನಪ್ಪ ಬಂದರಿನಲ್ಲಿ ಅದಿರು ಇಳಿಸುತ್ತಿದ್ದ. ಟಿಕೆಟ್ಟಿಗೆ ಗತಿಯಿಲ್ಲದ ಹುಡುಗ ಹಿತ್ತಲಲ್ಲಿ ಕೂತು ಜನರ ಗದ್ದಲ ಕೇಳಿಯೇ ಯಾರು ಮುಂದಿದ್ದಾರೆಂದು ಹೇಳುತ್ತಿದ್ದ. ಮೊದಲ ಸಲ ಕಿತ್ತಳೆ ಬಣ್ಣದ ಕೋಲು ಹಿಡಿದು ಆ ಹುಲ್ಲಿನ ಪಕ್ಕ ನಿಂತಾಗ ಅವನ ಕಣ್ಣಲ್ಲಿ ನೀರು ತುಂಬಿತ್ತು. ಊರಂಚಿನ ಸರೋವರದ ಕಡೆಯ ಗಾಳಿ ಜೋರಾಗಿತ್ತಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆ ಜಾಗವನ್ನು ಅವನು ಪ್ರಾಣದಷ್ಟು ಪ್ರೀತಿಸುತ್ತಿದ್ದ, ಹಾಗೆಂದು ಯಾರ ಬಳಿಯೂ ಹೇಳಿದವನಲ್ಲ.

ಅವನ ಹೆಂಡತಿ ಆರ್ಲೀನ್ ಇದಕ್ಕೆ ತದ್ವಿರುದ್ಧ. ಶಾಲೆಯ ಬಸ್ಸು ಓಡಿಸುವವಳು, ಕಂಚಿನ ಕಂಠ. ಮ್ಯೂಲ್ಸ್ ಆಡಿದ ಮರುದಿನ ಅವಳ ಗಂಟಲು ಪೂರ್ತಿ ಕಟ್ಟಿಹೋಗಿರುತ್ತಿತ್ತು, ಹಾಗಾಗಿ ಬಸ್ಸಿನ ಮಕ್ಕಳಿಗೆ ಸೋಮವಾರ ಅಂದರೆ ಹಬ್ಬ. ಮೇಲಿನ ಸಾಲಿನಲ್ಲಿ ಅವಳ ಹೆಸರಿನಲ್ಲಿ ವರ್ಷವಿಡೀ ಎರಡು ಸೀಟುಗಳಿದ್ದವು. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವಳ ಕೋಟು.

"ಒಂದು ಸಾಕಲ್ವಾ?" ಎಂದು ವೆಂಡೆಲ್ ಪ್ರತಿ ಬೇಸಿಗೆಯಲ್ಲೂ ಕೇಳುತ್ತಿದ್ದ.

"ಕೋಟು ಇಡೋಕೆ ಜಾಗ ಬೇಡ್ವಾ?" ಎಂದು ಅವಳು ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ವೆಂಡೆಲ್ ಕೋಲು ಹಿಡಿದ ಇಪ್ಪತ್ತೆರಡನೆಯ ವರ್ಷ ಮ್ಯೂಲ್ಸ್ ಸೋಲಲು ಶುರುಮಾಡಿದ್ದು ಸೆಪ್ಟೆಂಬರಿನಲ್ಲಿ. ಮೊದಲ ಸೋಲಿಗೆ ಊರು ಬೈದಿತು, ಮೂರನೆಯದಕ್ಕೆ ಕೋಚನ್ನು ಕಿತ್ತುಹಾಕಿ ಎಂದಿತು, ಐದನೆಯದರ ಹೊತ್ತಿಗೆ ನಗಲಾರಂಭಿಸಿತು. ಜನ ದಿನಸಿ ಅಂಗಡಿಯ ಕಾಗದದ ಚೀಲಕ್ಕೆ ಕಣ್ಣಿನ ತೂತು ಕೊರೆದು, ಮುಖ ತೋರಿಸಲು ನಾಚಿಕೆ ಎಂಬಂತೆ ತಲೆಗೆ ಹಾಕಿಕೊಂಡು ಬಂದು ಕೂರತೊಡಗಿದರು. ಆಟಕ್ಕೆ ಮೊದಲು ಪಾರ್ಕಿಂಗ್ ಜಾಗದಲ್ಲಿ ಒಲೆ ಹೂಡಿ, ಬಿಯರು ಬಿಚ್ಚಿ ಉಣ್ಣುವುದು ಮಾತ್ರ ಯಾರೂ ಬಿಡಲಿಲ್ಲ. ಸೋಲು ಹೆಚ್ಚಿದಷ್ಟೂ ಅಡುಗೆ ರುಚಿಯಾಯಿತು ಎಂದೇ ಹೇಳಬೇಕು. ಆರ್ಲೀನ್ ಆಲೂಗಡ್ಡೆ ತುಂಬಿದ ಪಿಯೆರೋಗಿ ಎಂಬ ಕಡುಬು ಬೇಯಿಸಿ ಬೆಣ್ಣೆಯಲ್ಲಿ ಹುರಿಯುತ್ತಿದ್ದಳು. ಪಕ್ಕದ ಮನೆಯ ಕ್ಷೌರಿಕ ಓಟಿಸ್ ಬ್ರಂಡಿಜ್ ಬೆಳಗಿನ ಜಾವದಿಂದ ಹಂದಿಯ ಪಕ್ಕೆಲುಬನ್ನು ಹೊಗೆಯಲ್ಲಿಟ್ಟು ಕಾಯುತ್ತಿದ್ದ.

"ವೆಂಡೆಲ್, ನಿನಗೊಂದು ಚೀಲ ತಂದಿದ್ದೆ," ಎಂದ ಓಟಿಸ್ ಒಂದು ದಿನ. "ಆಮೇಲೆ ನೋಡ್ದೆ, ನೀನು ಹುಟ್ಟಿದಾಗಿಂದ ಹಾಕ್ಕೊಂಡೇ ಇದೀಯ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ವೆಂಡೆಲ್ ಒಂದು ಪಿಯೆರೋಗಿ ಬಾಯಿಗಿಟ್ಟುಕೊಂಡು ಮೈದಾನದ ಕಡೆ ನಡೆದ.

ಸೋಲಿನ ಪಾಲು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗಿತ್ತಾದರೂ ದೊಡ್ಡ ತುಂಡು ಮಾರ್ಕೆಲ್ ಪ್ರುಯಿಟ್ ಎಂಬ ಹುಡುಗನ ತಲೆಗೆ ಬಿದ್ದಿತ್ತು. ಚೆಂಡು ಹಿಡಿದು ಓಡುವವನು, ಇನ್ನೂ ಇಪ್ಪತ್ತೆರಡು. ಕಾಲಿನಲ್ಲಿ ಮಿಂಚಿತ್ತು, ಆದರೆ ಗೆರೆಯ ಜ್ಞಾನ ಒಂದಿಷ್ಟೂ ಇರಲಿಲ್ಲ. ಎಲ್ಲರನ್ನೂ ತಪ್ಪಿಸಿ ಓಡಿ, ಇನ್ನೇನು ಮುಗಿಯಿತು ಎನ್ನುವಾಗ ಬಲಗಾಲನ್ನು ಮೈದಾನದ ಅಂಚಿನ ಬಿಳಿ ಗೆರೆಯ ಮೇಲಿಟ್ಟುಬಿಡುವನು; ಅದನ್ನು ತುಳಿದರೆ ಓಟ ಅಲ್ಲಿಗೇ ಮುಗಿಯಿತು. ರೆಫರಿ ಶಿಳ್ಳೆ ಊದುವನು, ಇಡೀ ಸ್ಟೇಡಿಯಂ ತಲೆ ಚಚ್ಚಿಕೊಳ್ಳುವುದು. ದೊಡ್ಡ ಶಹರದ ರೈಲಿನಲ್ಲೇ ಓಡಾಡಿ ಬೆಳೆದ ಹುಡುಗನಾದ್ದರಿಂದ ಅವನಿಗೆ ಕಾರು ಓಡಿಸಲೂ ಬರುತ್ತಿರಲಿಲ್ಲ. ಲೈಸೆನ್ಸಿಗೆ ಬಂದಾಗ ಪಕ್ಕದಲ್ಲಿ ಕೂತವನು ಇನ್ಯಾರು? ನಮ್ಮ ವೆಂಡೆಲ್. ಎರಡು ಗೆರೆಗಳ ನಡುವೆ ಕಾರು ನಿಲ್ಲಿಸು ಎಂದರೆ ಪ್ರುಯಿಟ್ ಗೆರೆಯ ಮೇಲೆಯೇ ನಿಲ್ಲಿಸಿದ.

"ಸರ್, ಸ್ವಲ್ಪ ಹೇಳಬಾರ್ದಿತ್ತಾ?" ಎಂದು ಹುಡುಗ ಅಂಗಲಾಚಿದ.

"ಪರೀಕ್ಷೆ ಮಾಡೋರು ಹೇಳ್ಕೊಡೋ ಹಾಗಿಲ್ಲ," ಎಂದು ವೆಂಡೆಲ್ ಕಾರಿನಿಂದಿಳಿದ. ಈ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು. "ಅವನು ಎಲ್ಲೂ ಗೆರೆ ಒಳಗೆ ಇರಲ್ಲ ಬಿಡ್ರಪ್ಪಾ," ಎಂದು ಓಟಿಸ್‌ನ ಅಂಗಡಿಯಲ್ಲಿ ವಾರವಿಡೀ ನಗೆಯೋ ನಗೆ.

ಆ ನಗೆ ಅಕ್ಟೋಬರ್ ಕೊನೆಯ ಭಾನುವಾರ ನಿಂತಿತು. ಅಂದು ಮ್ಯೂಲ್ಸ್ ಗೆಲ್ಲುವ ಹಾಗೆಯೇ ಇತ್ತು. ಕೊನೆಯ ಗಳಿಗೆಯಲ್ಲಿ ನಾಲ್ಕನೆಯ ಯತ್ನ, ಪ್ರುಯಿಟ್ ತಲೆ ತಗ್ಗಿಸಿ ನುಗ್ಗಿದ, ಅವನ ಮೇಲೆ ಆಟಗಾರರ ಗುಡ್ಡೆ ಬಿತ್ತು. ಹತ್ತು ಗಜ ಆಯಿತೋ ಇಲ್ಲವೋ? ರೆಫರಿ ಸರಪಳಿ ತರಲು ಕೈ ಮಾಡಿದ. ಹಿಂದಿನ ಕೋಲು ಗಸ್‌ನದು, ಮುಂದಿನ ಕೋಲು ವೆಂಡೆಲ್‌ನದು. ಇಬ್ಬರೂ ಮೈದಾನದ ನಡುವಿಗೆ ಹೋದರು. ವೆಂಡೆಲ್ ಸರಪಳಿಯನ್ನು ಬಿಗಿಯಾಗಿ ಎಳೆದು ಕೋಲನ್ನು ನೆಟ್ಟಗೆ ನಿಲ್ಲಿಸಿದ. ಚೆಂಡಿನ ಮೂತಿ ಕೋಲಿಗಿಂತ ಒಂದು ಬೆರಳು ಹಿಂದಿತ್ತು. ಮ್ಯೂಲ್ಸ್ ಸೋತರು.

ಅಂದಿನಿಂದ ಸೋಲಿಗೆ ಒಂದು ಮುಖ ಸಿಕ್ಕಿತು. ಟಿವಿಯವರು ಕೋಲನ್ನೂ ಚೆಂಡನ್ನೂ ಅವುಗಳ ಮೇಲೆ ಭಾವಶೂನ್ಯವಾಗಿ ನಿಂತ ವೆಂಡೆಲ್‌ನನ್ನೂ ತೋರಿಸಿದ್ದೇ ತೋರಿಸಿದ್ದು. ಬೇಕರಿಯವಳು ಅವನಿಗೆ ನಿನ್ನೆಯ ಬ್ರೆಡ್ಡು ಕೊಟ್ಟಳು. ಲೈಸೆನ್ಸಿಗೆ ಬಂದವರ ಅಪ್ಪಂದಿರು ಗುರಾಯಿಸಿದರು.

"ಲೇ, ಕೋಲು ಒಂಚೂರು ವಾಲಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ ಓಟಿಸ್, ಅವನ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ. "ಒಂದು ಬೆರಳು ಕಣೋ!"

"ಚೆಂಡು ಮುಟ್ಟಿರಲಿಲ್ಲ, ಓಟಿಸ್."

"ಮುಟ್ಟಿರಲಿಲ್ಲ ಅಂತ ನನಗೂ ಗೊತ್ತು. ನಿನ್ನ ಹೊಟ್ಟೇಲಿ ಏನಾದ್ರೂ ಮುಟ್ತಾ ಇಲ್ವಾ ಅಂತ ಕೇಳ್ತಿರೋದು."

ಇದೇ ಪ್ರಶ್ನೆಯನ್ನು ಆರ್ಲೀನ್ ಕೇಳಿದಾಗ ಅದು ತಮಾಷೆಯಾಗಿರಲಿಲ್ಲ. ಪಾತ್ರೆ ತೊಳೆಯುತ್ತ, ಕಟ್ಟಿದ ಗಂಟಲಲ್ಲಿ ಅವಳು ಹೇಳಿದಳು: "ಕೋಲು ಸರಿಯಾಗೇ ಹಿಡಿದೆ. ನಾನು ಅದಕ್ಕೆ ಬೈತಿಲ್ಲ. ಆದ್ರೆ ವೆಂಡೆಲ್, ಅರವತ್ತು ಸಾವಿರ ಜನ ಒಟ್ಟಿಗೇ ಅತ್ತಾಗ ನಿನಗೇನೂ ಅನ್ನಿಸ್ಲಿಲ್ವಾ? ಮನೇಗೆ ಬಂದ ಮೇಲೂ ಸೂಪು ಕುಡಿದು ಮಲಗ್ತೀಯ. ಕೆಲವು ಸಲ ನಾನು ಆ ಕೋಲನ್ನೇ ಮದುವೆ ಆಗಿದೀನೇನೋ ಅನ್ಸುತ್ತೆ."

ವೆಂಡೆಲ್‌ಗೆ ಅನ್ನಿಸಿತ್ತು. ಪ್ರುಯಿಟ್ ಅವನ ಬೂಟಿನ ಪಕ್ಕದಲ್ಲೇ ಹುಲ್ಲಿಗೆ ಮುಖ ಒತ್ತಿ ಬಿಕ್ಕಿದ್ದನ್ನು ಕೇಳಿದವನು ಅವನೊಬ್ಬನೇ. ಅದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದ. ಭಾನುವಾರಕ್ಕೆಂದು ಕಟ್ಟಿಕೊಂಡ ಮುಖ ವಾರದ ಉಳಿದ ದಿನಗಳಲ್ಲೂ ಬಿಚ್ಚಲು ಬರುತ್ತಿರಲಿಲ್ಲ. "ನಾಳೆ ಹಿಮ ಬೀಳಬಹುದು," ಎಂದುಬಿಟ್ಟ. ಆರ್ಲೀನ್ ಪಾತ್ರೆಯನ್ನು ಸಿಂಕಿನಲ್ಲೇ ಬಿಟ್ಟು ಒಳಗೆ ಹೋದಳು. ಅವನು ತೋಳು ಮಡಚಿ ಉಳಿದ ಪಾತ್ರೆಗಳನ್ನೆಲ್ಲ ತೊಳೆದಿಟ್ಟ.

ನವೆಂಬರ್ ಹೋಯಿತು, ಡಿಸೆಂಬರ್ ಬಂತು, ಗೆಲುವು ಬರಲಿಲ್ಲ. ಊರಿನವರು ಈಗ ಲೆಕ್ಕಾಚಾರಕ್ಕಿಳಿದಿದ್ದರು. ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಕಾಲೇಜಿನಿಂದ ಬರುವ ಹೊಸ ಹುಡುಗರಲ್ಲಿ ಮೊದಲ ಆಯ್ಕೆ ಸಿಗುತ್ತದೆ. ಆ ವರ್ಷ ದಕ್ಷಿಣದಲ್ಲೊಬ್ಬ ಚೆಂಡು ಎಸೆಯುವ ಹುಡುಗನಿದ್ದ, ಅವನು ಬಂದರೆ ಊರಿನ ಹಣೆಬರಹವೇ ಬದಲಾಗುತ್ತದೆ ಎಂದು ಜನರ ಅಂಬೋಣ.

"ಇವತ್ತೊಂದು ಸೋತುಬಿಡ್ಲಪ್ಪಾ ದೇವರೇ," ಎಂದು ಓಟಿಸ್ ಕೊನೆಯ ಆಟದ ದಿನ ಪಕ್ಕೆಲುಬಿಗೆ ಸಾಸು ಬಳಿಯುತ್ತ ಎಲ್ಲರಿಗೂ ಕೇಳುವಂತೆ ಬೇಡಿಕೊಂಡ. "ಇಷ್ಟು ಸೋತಿದೀವಿ, ಈಗ ಗೆದ್ದು ಕೆಡಿಸೋದು ಬೇಡ. ನಾನಂತೂ ಎದುರಾಳಿಗಳಿಗೇ ಕೂಗೋದು."

"ಬಾಯಿ ಮುಚ್ಚು," ಎಂದಳು ಆರ್ಲೀನ್. "ಇನ್ನೊಂದ್ಸಲ ಹಾಗಂದ್ರೆ ಪಿಯೆರೋಗಿ ಬಂದ್."

ಆಟ ಶುರುವಾಯಿತು. ಬಂದ ತಂಡ ಆಗಲೇ ಮೇಲಿನ ಸುತ್ತಿಗೆ ಆಯ್ಕೆಯಾಗಿತ್ತು, ಹಾಗಾಗಿ ಉದಾಸೀನದಿಂದ ಆಡಿತು. ಆದರೂ ಕೊನೆಯ ನಿಮಿಷಕ್ಕೆ ನಾಲ್ಕು ಅಂಕ ಮುಂದಿತ್ತು. ಮ್ಯೂಲ್ಸ್ ಒಮ್ಮೆ ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಆರು ಅಂಕ, ಗೆಲುವು. ಹಿಮ ಹುಡಿಹುಡಿಯಾಗಿ ಬೀಳುತ್ತಿತ್ತು. ಅರ್ಧ ಸ್ಟೇಡಿಯಂ ಆಗಲೇ ಖಾಲಿ. ಮೇಲಿನ ಸಾಲಿನಲ್ಲಿ ಆರ್ಲೀನ್, ಅವಳ ಕೋಟು, ಅದರಾಚೆ ತಲೆಗೆ ಚೀಲ ಹಾಕಿದ ಓಟಿಸ್. ಕೆಳಗೆ ಗೆರೆಯಾಚೆ ಕೋಲು ಹಿಡಿದ ವೆಂಡೆಲ್. ಹತ್ತು ಗಜ ಹಿಂದೆ ಗಸ್, ಚಳಿಗೆ ಕೈ ಮರಗಟ್ಟಿ ಕೋಲು ಜಾರುತ್ತದೆಂದು ಸರಪಳಿಯ ತುದಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಿದ್ದ. ಹಾಗೆ ಸುತ್ತಬಾರದು ಎಂದು ಬೇರೆಯವರಿಗೆ ಹೇಳಿಕೊಡುತ್ತಿದ್ದವನೂ ಅವನೇ.

ಮ್ಯೂಲ್ಸ್ ಚೆಂಡನ್ನು ಪ್ರುಯಿಟ್‌ನ ಕೈಗಿತ್ತರು. ಅವನು ನಡುವೆ ನುಗ್ಗಿದಂತೆ ಮಾಡಿ ಗಕ್ಕನೆ ಹೊರಳಿ ವೆಂಡೆಲ್ ನಿಂತ ಕಡೆಗೇ ಬಂದ. ಆಟಗಾರ ಮೈಮೇಲೆ ಬಂದರೆ ಕೋಲನ್ನು ಕೆಳಗೆ ಬಿಟ್ಟು ಹಿಂದೆ ಸರಿಯಬೇಕು, ಇದು ಸರಪಳಿಯವರ ಮೊದಲ ಪಾಠ. ವೆಂಡೆಲ್ ಇಪ್ಪತ್ತೆರಡು ವರ್ಷ ಹಾಗೆಯೇ ಮಾಡಿದ್ದ. ಪ್ರುಯಿಟ್ ಒಬ್ಬನನ್ನು ಕೊಡವಿಕೊಂಡು ಗೆರೆಯ ಅಂಚಿನಲ್ಲೇ ಓಡತೊಡಗಿದ. ಮುಂದೆ ಯಾರೂ ಇಲ್ಲ, ಬರೀ ಬಿಳಿ ಗೆರೆ, ಅದರ ಮೇಲೆ ಬಿಳಿ ಹಿಮ. ಬಲಗಾಲು ವಾಲುತ್ತಿರುವುದು ವೆಂಡೆಲ್‌ಗೆ ಕಂಡಿತು. ಆ ಕಾಲು ಬ್ರೇಕು ತುಳಿದು ಗೆರೆಯ ಮೇಲೆ ಕಾರು ನಿಲ್ಲಿಸಿದ್ದನ್ನು ಅವನು ಪಕ್ಕದಲ್ಲೇ ಕೂತು ನೋಡಿದ್ದ.

"ಎಡಕ್ಕೆ!" ಎಂದು ಯಾರೋ ಅರಚಿದರು. "ಎಡಕ್ಕೆ ಹುಡುಗಾ! ಗೆರೆ! ಗೆರೆ ಒಳಗಿರೋ!"

ಅರಚುತ್ತಿರುವುದು ತಾನೇ ಎಂದು ವೆಂಡೆಲ್‌ಗೆ ತಿಳಿದದ್ದು ತನ್ನ ಕಾಲುಗಳು ಓಡುತ್ತಿರುವುದನ್ನು ಕಂಡಾಗ. ಕೋಲನ್ನು ಈಟಿಯಂತೆ ಹಿಡಿದು, ಟೋಪಿ ಹಾರಿಸಿಕೊಂಡು, ಐವತ್ತೆಂಟರ ಆ ಮನುಷ್ಯ ಪ್ರುಯಿಟ್‌ನ ಪಕ್ಕಪಕ್ಕದಲ್ಲೇ ಓಡಿದ. ಹುಡುಗ ಎಡಕ್ಕೆ ಸರಿದ. ಸರಪಳಿ ಬಿಗಿಯಿತು. ಹಿಂದಿನಿಂದ "ಅಯ್ಯಯ್ಯೋ!" ಎಂಬ ಕೂಗು ಕೇಳಿತು. ಗಸ್ ಪಾಪಡಾಕಿಸ್ ಮುಖ ಅಡಿಯಾಗಿ ಬಿದ್ದು, ಹಿಮದ ಮೇಲೆ ಹೊಟ್ಟೆ ಎಳೆಸಿಕೊಂಡು ಬರುತ್ತಿದ್ದ. ಪ್ರುಯಿಟ್ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಬಡಿದ. ವೆಂಡೆಲ್ ಎರಡೂ ಕೈಯೆತ್ತಿ ಕುಣಿದ. ಆಗ ಶಿಳ್ಳೆ ಕೇಳಿತು.

ಅಂಕಣದ ಅಂಚಿನಲ್ಲಿ ಯಾರೋ ಅಡ್ಡ ಓಡಿದ್ದಾರೆ, ಈ ಅಂಕ ಲೆಕ್ಕಕ್ಕೆ ಬರುವುದೋ ಇಲ್ಲವೋ ನೋಡಬೇಕು ಎಂದು ರೆಫರಿಗಳು ಒಂದೆಡೆ ಗುಂಪುಗೂಡಿದರು. ವೆಂಡೆಲ್‌ನ ಕೈಗಳು ಗಾಳಿಯಲ್ಲೇ ನಿಂತವು. ಇಡೀ ವರ್ಷದ ಒಂದೇ ಗೆಲುವನ್ನು ತಾನು ಕೂಗಿ ಹಾಳುಮಾಡಿದೆನಲ್ಲ ಎಂದು ಅವನ ಜೀವ ಬಾಯಿಗೆ ಬಂತು. ಕೋಲು ಹೋದರೆ ಹೋಗಲಿ, ಆ ಹುಡುಗನ ಓಟ ಹೋಗದಿರಲಿ ಎಂದು ಅವನು ನಿಜವಾಗಿ ಬೇಡಿಕೊಂಡ. ಮೇಲಿನಿಂದ ಒಂದು ಸದ್ದೂ ಇಲ್ಲ. ಗಸ್ ಮೊಣಕಾಲ ಮೇಲೆ ಕೂತು ಹಿಮದಲ್ಲಿ ತನ್ನ ಹಲ್ಲಿನ ಸೆಟ್ಟು ಹುಡುಕುತ್ತಿದ್ದ.

ರೆಫರಿ ಮುಂದೆ ಬಂದು ಮೈಕಿನಲ್ಲಿ ಹೇಳಿದ. ಓಡಿದವನು ಯಾವ ತಂಡದವನೂ ಅಲ್ಲ, ರೆಫರಿಗಳ ಕಡೆಯವನು. ಅವನು ಯಾರನ್ನೂ ಮುಟ್ಟಿಲ್ಲ, ಯಾರಿಗೂ ಅಡ್ಡ ಬಂದಿಲ್ಲ. ಅಂಕ ಊರ್ಜಿತ. ಉಳಿದದ್ದು ಗದ್ದಲದಲ್ಲಿ ಕೇಳಿಸಲಿಲ್ಲ. ಚೀಲಗಳು ಹಾರಿದವು. ಸೋಲಲಿ ಎಂದು ಬೇಡಿಕೊಂಡಿದ್ದ ಓಟಿಸ್ ಯಾರೋ ಅಪರಿಚಿತನನ್ನು ತಬ್ಬಿಕೊಂಡು ಹೋ ಎಂದು ಅಳುತ್ತಿದ್ದ. ಆರ್ಲೀನ್ ಮಾತ್ರ ಕೂಗಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೆಳಗೆ, ಟೋಪಿಯಿಲ್ಲದ ಆ ಬೋಳುತಲೆಯನ್ನೇ ನೋಡುತ್ತ ನಿಂತಿದ್ದಳು.

"ಹಲ್ಲು ಸಿಗ್ತಾ?" ಎಂದ ವೆಂಡೆಲ್, ಗಸ್‌ನನ್ನು ಎಬ್ಬಿಸುತ್ತ.

"ಷಿಕ್ತು," ಎಂದ ಗಸ್ ಅದನ್ನು ಒರೆಸಿಕೊಳ್ಳುತ್ತ. ಬಾಯಿಗೆ ಹಾಕಿಕೊಂಡ ಮೇಲೆ ಮಾತು ನೆಟ್ಟಗಾಯಿತು. "ಕತ್ತೆ ನನ್ನ ಮಗನೇ. ಇಪ್ಪತ್ತೆರಡು ವರ್ಷ ಕಲ್ಲು ಅಂದ್ಕೊಂಡಿದ್ದೆ ನಿನ್ನ." ಅವನ ಗದ್ದದಲ್ಲಿ ರಕ್ತವಿತ್ತು, ಆದರೆ ಕಣ್ಣು ನಗುತ್ತಿತ್ತು. "ನಾಳೆ ಫೋನು ಬರುತ್ತೆ, ಗೊತ್ತಲ್ಲ?"

"ಗೊತ್ತು."

ಫೋನು ಬಂತು. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ ಮಾತಾಡಿದಳು, ಇಷ್ಟು ವರ್ಷದ ಸೇವೆಗೆ ವಂದನೆ ಹೇಳಿದಳು, ಸರಪಳಿಯವರ ಕಿತ್ತಳೆ ಅಂಗಿಯನ್ನು ಒಗೆದು ಕಳಿಸಿಕೊಡಿ ಎಂದಳು. ವೆಂಡೆಲ್ ಒಗೆದು, ಇಸ್ತ್ರಿ ಮಾಡಿ, ಮಡಚಿ, ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತ. ಆರ್ಲೀನ್ ಬಂದು ಪಕ್ಕದಲ್ಲಿ ಕೂತಳು. ಅವನಿಗೆ ತುಂಬ ಸಂಕಟವಾಯಿತು, ಅದನ್ನು ಮುಚ್ಚಿಡಲೂ ಇಲ್ಲ.

ಊರಿನವರಿಗಂತೂ ಅವನು ಏಕಾಏಕಿ ದೇವರಾದ. ಬೇಕರಿಯವಳು ಬಿಸಿ ಬ್ರೆಡ್ಡಿನ ಜೊತೆಗೆ ಏಪ್ರಿಕಾಟ್ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನು ಇಟ್ಟಳು. ಗೆದ್ದು ಎಡವಟ್ಟಾದದ್ದರಿಂದ ಮೊದಲ ಆಯ್ಕೆ ಬೇರೆ ತಂಡಕ್ಕೆ ಹೋಯಿತು, ದಕ್ಷಿಣದ ಹುಡುಗ ಬರಲಿಲ್ಲ, ಅದಕ್ಕೂ ಯಾರೂ ಅವನನ್ನು ಬೈಯಲಿಲ್ಲ. ಮಾರ್ಚಿನಲ್ಲಿ ಪ್ರುಯಿಟ್ ಮತ್ತೆ ಲೈಸೆನ್ಸಿಗೆ ಬಂದ. ವೆಂಡೆಲ್ ಬೆಲ್ಟು ಬಿಗಿದು ಕೂತ, ಒಂದು ಮಾತಾಡಲಿಲ್ಲ. ಪ್ರುಯಿಟ್ ಎರಡು ಗೆರೆಗಳ ನಡುವೆ ಕಾರು ನಿಲ್ಲಿಸಿ ನಗುನಗುತ್ತ ತಿರುಗಿದ.

"ಹಿಂದಿನ ಚಕ್ರ ಗೆರೆ ಮೇಲಿದೆ," ಎಂದ ವೆಂಡೆಲ್. "ಫೇಲು."

"ಸರ್, ಅವತ್ತು ಹೇಳಿದ್ರಲ್ಲ!"

"ಅವತ್ತು ನಾನು ತಪ್ಪು ಮಾಡಿದ್ದೆ," ಎಂದ ವೆಂಡೆಲ್. ಆಗ ಅವನ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತೆಂದು ಪ್ರುಯಿಟ್ ಇಂದಿಗೂ ಆಣೆ ಮಾಡಿ ಹೇಳುತ್ತಾನೆ. ಮೇ ತಿಂಗಳಲ್ಲಿ ಪಾಸಾದ, ಅದು ಬೇರೆ ಮಾತು.

ಸೆಪ್ಟೆಂಬರಿನ ಮೊದಲ ಭಾನುವಾರ ವೆಂಡೆಲ್ ಜನರ ಜೊತೆ ಮೆಟ್ಟಿಲು ಹತ್ತಿ ಮೇಲಿನ ಸಾಲಿಗೆ ಹೋದ. ಅಷ್ಟೆತ್ತರದಿಂದ ಮೈದಾನವನ್ನು ಅವನು ಕಂಡಿರಲೇ ಇಲ್ಲ. ಕೆಳಗೆ ಗೆರೆಯಾಚೆ ಗಸ್ ನಿಂತಿದ್ದ, ಮುಂದಿನ ಕೋಲಿಗೆ ಹೊಸಬನೊಬ್ಬ ಬಂದಿದ್ದ. ಹೊಸಬನ ಕೋಲು ಸ್ವಲ್ಪ ವಾಲಿದೆ ಎಂದು ವೆಂಡೆಲ್‌ಗೆ ಅನ್ನಿಸಿತು. ಆರ್ಲೀನ್‌ಳ ಪಕ್ಕದ ಸೀಟಿನಲ್ಲಿ ಎಂದಿನಂತೆ ಅವಳ ಕೋಟಿತ್ತು, ಸುಡುವ ಬಿಸಿಲಿದ್ದರೂ.

"ಇಂಥ ಸೆಕೇಲಿ ಕೋಟು ಯಾಕೆ ತಂದೆ?" ಎಂದ ವೆಂಡೆಲ್.

ಉತ್ತರ ಕೊಟ್ಟವನು ಆಚೆ ಕೂತಿದ್ದ ಓಟಿಸ್. "ಅವಳು ಯಾವಾಗ್ಲೂ ತರ್ತಾಳೆ. ಇಪ್ಪತ್ತೆರಡು ವರ್ಷದಿಂದ ಈ ಸೀಟು ನನಗೆ ಕೊಡು, ಕಾಲು ಚಾಚ್ಕೋತೀನಿ ಅಂತಿದೀನಿ. ಬಿಡಲ್ಲ. 'ಜನ ಇದ್ದಾರೆ, ಕೆಳಗೆ ಹೋಗಿದಾರೆ, ಬರ್ತಾರೆ' ಅಂತಾಳೆ. ಯಾರು ಅಂತ ನಾನೇನು ಕೇಳಲಿಲ್ಲ ಬಿಡು."

ಆರ್ಲೀನ್ ಕೆಂಪಾದಳು. ಓಟಿಸ್‌ನ ಕಡೆ ಒಂದು ನೋಟ ಬಿಸಾಡಿ, ಕೋಟನ್ನು ಎತ್ತಿ ಮಡಿಲಿಗಿಟ್ಟುಕೊಂಡಳು.

"ಕೂತ್ಕೋ," ಎಂದಳು ಗಂಡನಿಗೆ. "ನಿಂತ್ರೆ ಹಿಂದಿನವರಿಗೆ ಕಾಣಲ್ಲ."

ವೆಂಡೆಲ್ ಕೂತ. ಅವಳ ಕೈ ಹಿಡಿದುಕೊಂಡ. ಕೆಳಗೆ ಮ್ಯೂಲ್ಸ್‌ನ ಹೊಸ ಹುಡುಗ ಮೊದಲ ಎಸೆತವನ್ನೇ ಎದುರಾಳಿಯ ಕೈಗೆ ಎಸೆದುಬಿಟ್ಟ. ಇಡೀ ಸಾಲು ನರಳಿತು. ಆಗ ಆ ಸಾಲಿನಲ್ಲಿ ಹಿಂದೆಂದೂ ಕೇಳಿರದ ಒಂದು ಗಂಟಲು, "ಕಣ್ಣು ಎಲ್ಲಿಟ್ಕೊಂಡಿದೀಯೋ ದಂಡಪಿಂಡಾ!" ಎಂದು ಎದೆಬಿರಿಯ ಕೂಗಿತು. ಜನ ತಿರುಗಿ ತಿರುಗಿ ನೋಡಿದರು. ಆರ್ಲೀನ್ ಕೋಟಿನಲ್ಲಿ ಮುಖ ಹುದುಗಿಸಿ, ನಗುತ್ತಲೋ ಅಳುತ್ತಲೋ, ಬಹಳ ಹೊತ್ತು ತಲೆ ಎತ್ತಲಿಲ್ಲ. ಮರುದಿನ ಸೋಮವಾರ ಲೈಸೆನ್ಸ್ ಕಚೇರಿಗೆ ಬಂದ ಮಕ್ಕಳಿಗೆ ವೆಂಡೆಲ್ ಹ್ರುಸ್ಕಾ ಪಾಸು ಫೇಲನ್ನು ಬರೀ ಕೈಸನ್ನೆಯಲ್ಲೇ ಹೇಳಿದ, ಗಂಟಲು ಪೂರ್ತಿ ಕಟ್ಟಿಹೋಗಿತ್ತು.